ಮಡಕೆಯಲ್ಲಿ ಕಟ್ಟಿಕೊಟ್ಟದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುರುವೇಕೆರೆ ಕಡೆಯ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಹೆರಿಗೆಯಾದ ಮೇಲೆ ಬೀಳುವ ಮಾಸನ್ನು ಮನೆಯವರೇ ಮಡಕೆಯಲ್ಲಿ ಒಯ್ದು ತೋಟದಲ್ಲಿ ಹೂಳುತ್ತಿದ್ದ ಕಾಲ. ಒಂದು ದಿನ ಮೇಲಿನಿಂದ ಆದೇಶ ಬಂತು: ಇನ್ನು ಮಾಸನ್ನು ಯಾರಿಗೂ ಕೊಡಕೂಡದು, ಐಸ್ ಪೆಟ್ಟಿಗೆಯಲ್ಲಿ ಇಡಬೇಕು. ವಾರಕ್ಕೊಮ್ಮೆ ಔಷಧಿ ಕಂಪನಿಯ ವ್ಯಾನು ಬಂದು ಒಯ್ಯುತ್ತಿತ್ತು. ಅದರ ರಕ್ತದಿಂದ ಔಷಧಿ ತೆಗೆದು ಮಾರುತ್ತಾರೆ ಎಂದು ಡ್ರೈವರ್ ಹೇಳಿದ. ಹೆತ್ತವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆ ಔಷಧಿಯ ಒಂದು ಬಾಟಲಿಯೂ ನಮ್ಮ ವಾರ್ಡಿಗೆ ಬರಲಿಲ್ಲ. ಬೇಕಾದವರಿಗೆ, ತಿಪಟೂರಿನ ಅಂಗಡಿಯಿಂದ ತನ್ನಿ ಎಂದು ಚೀಟಿ ಬರೆದುಕೊಡುತ್ತಿದ್ದೆವು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಪೆಟ್ಟಿಗೆ ತುಂಬುತ್ತಿದ್ದವಳು ನಾನೇ.

ದಬ್ಬೇಘಟ್ಟದ ಕಡೆಯ ಒಬ್ಬ ಅಜ್ಜಿ ಮಗಳನ್ನು ಹೆರಿಗೆಗೆ ಕರೆತಂದಿದ್ದಳು. ಗಂಡು ಮಗು ಹುಟ್ಟಿತು. ಅಜ್ಜಿ ಹೊಸ ಮಡಕೆ ಹಿಡಿದು ಬಾಗಿಲಲ್ಲೇ ನಿಂತಳು.

“ಮಾಸು ಕೊಡಿ ನರ್ಸಮ್ಮ. ಮೊದ್ಲೆರಡು ಕೂಸು ಉಳೀಲಿಲ್ಲ. ಅವುಗಳ ಮಾಸ್ನ ಮೇಲ್ಮೇಲೆ ಹೂತಿದ್ವಿ, ನಾಯಿ ಕಿತ್ತಾಕ್ತು. ಈ ಸತಿ ಆಳವಾಗಿ ಹೂತು ಮ್ಯಾಲೆ ತೆಂಗಿನ ಸಸಿ ಇಡ್ತೀನಿ ಕಣವ್ವ.”

“ಕೊಡೋ ಹಂಗಿಲ್ಲ ಕಣಜ್ಜಿ. ಸರ್ಕಾರದ ರೂಲ್ಸು.”

“ಸರ್ಕಾರಕ್ಕೆ ಯಾಕವ್ವ ನಮ್ಮ ಕೂಸಿನ ಮಾಸು?”

ನಾನು ಒಳಗೆ ಹೋಗಿ ಆ ಮಾಸನ್ನೂ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದೆ. ಅಜ್ಜಿ ಊಟವನ್ನೂ ಮಾಡದೆ ಅಲ್ಲೇ ಕೂತಳು. ಮಧ್ಯಾಹ್ನ ವ್ಯಾನು ಬಂತು, ಪೆಟ್ಟಿಗೆಯನ್ನು ಹೇರಿಕೊಂಡು ಹೋಯಿತು. ಇವಳು ಮಾತ್ರ ಏಳಲಿಲ್ಲ. ಸಂಜೆ ನಾನು ಅವಳ ಮಡಕೆ ಇಸಿದುಕೊಂಡು ಒಳಗೆ ಹೋದೆ. ರಕ್ತ ಮೆತ್ತಿದ ಹತ್ತಿ, ಹಳೆ ಬಟ್ಟೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, “ಬಿಚ್ಚಿ ನೋಡ್ಬೇಡ ಅಜ್ಜಿ” ಎಂದು ಕೊಟ್ಟೆ. ಅಷ್ಟು ವಯಸ್ಸಾದವಳು ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಂದೆ ಸರಿದೆ.

ಏಳೆಂಟು ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಮೊಮ್ಮಗನ ಕೈ ಹಿಡಿದುಕೊಂಡು ಆಸ್ಪತ್ರೆಗೆ ಬಂದಳು. ಕಂಕುಳಲ್ಲಿ ತೆಂಗಿನಕಾಯಿಯ ಚೀಲ.

“ಮೊದಲ್ನೇ ಗೊನೆ ಕಣವ್ವ, ನಿಮ್ಗೇ ಅಂತ ತಂದೆ. ಅವತ್ತು ನೀವು ಕೊಡ್ದೆ ಇದ್ದಿದ್ರೆ ಮರನೂ ಇರ್ತಿರ್ಲಿಲ್ಲ, ಇವನೂ ಇರ್ತಿರ್ಲಿಲ್ಲ.”

ನಾಚಿಕೆಯಿಂದ ಕುಗ್ಗಿಹೋದೆ. ಹೇಳಿಯೇಬಿಡಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗ ಒಂದು ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದೆ ಹಿಡಿದ.

“ತಗಳಿ, ನನ್ನ ಮರದ್ದು” ಎಂದ.

ತೆಗೆದುಕೊಂಡೆ. ಒಳಗೆ ಆಗತಾನೆ ಇನ್ನೊಬ್ಬಳ ಹೆರಿಗೆಯಾಗಿತ್ತು. ಆಯಾ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು ನನ್ನನ್ನು ಕರೆಯುತ್ತಿದ್ದಳು.