ಗೊತ್ತಿದ್ದೂ ಹಚ್ಚಿದ ಎಣ್ಣೆ

ಸಿಂದಗಿಯ ಹೈಸ್ಕೂಲಿಗೆ ವರ್ಗವಾಗಿ ಬಂದ ಎರಡನೆಯ ವರ್ಷ, ತೊಂಬತ್ತರ ದಶಕದ ಕೊನೆ. ಒಂದೇ ಕೋಣೆಯ ಬಾಡಿಗೆ ಮನೆ. ಟೀಚರ್ ಎಂದು ಓಣಿಯವರು ನಮಸ್ಕಾರ ಮಾಡುತ್ತಿದ್ದರು, ಮದುವೆಯಾಗದವಳ ಜೊತೆ ಕೂತು ಮಾತಾಡುವವರು ಯಾರೂ ಇರಲಿಲ್ಲ.

ಆಗ ಅಂಗಳಕ್ಕೆ ಬಂದು ಸೇರಿದ್ದು ಒಂದು ಕಂದು ನಾಯಿ. ಹಗಲೆಲ್ಲ ಕೆರೆದುಕೊಳ್ಳುತ್ತಿತ್ತು. ಹೊಟ್ಟೆಯ ಕೂದಲು ಉದುರಿ ಚರ್ಮ ಕಪ್ಪಾಗಿ ದಪ್ಪಗಟ್ಟಿತ್ತು, ಕಿವಿಯಿಂದ ಹುಳಿ ಬಂದ ಹಿಟ್ಟಿನ ವಾಸನೆ. ಮಗ್ಗುಲ ಮನೆಯ ಅಜ್ಜಿ ಮೂಗು ಮುಚ್ಚಿಕೊಂಡೇ ಹೇಳಿದಳು: “ಹುರುಕು ಅದು. ಬೇವಿನ ಸೊಪ್ಪು ಹಾಕಿ ಕುಸುಬಿ ಎಣ್ಣಿ ಕಾಸಿ ಹಚ್ಚವಾ.”

ಹಚ್ಚತೊಡಗಿದೆ. ದಿನಾ ಸಂಜೆ ಹೊಸ್ತಿಲ ಮೇಲೆ ಕೂತರೆ ಅದು ಬಂದು ತೊಡೆಯ ಮೇಲೆ ತಲೆಯಿಡುತ್ತಿತ್ತು. ಎಣ್ಣೆ ತಿಕ್ಕುತ್ತ, ಹೆಡ್‌ಮಾಸ್ತರರ ಸಿಡುಕಿನಿಂದ ಹಿಡಿದು ಅವರ ಹೆಂಡತಿಯ ಹೊಸ ಸೀರೆಯ ತನಕ ಎಲ್ಲ ಸುದ್ದಿ ಹೇಳುತ್ತಿದ್ದೆ. ಇನ್ನೊಂದು ಜೀವವನ್ನು ನನ್ನ ಕೈ ಮುಟ್ಟುತ್ತಿದ್ದುದು ಅದೊಂದೇ ಹೊತ್ತು. ತುರಿಕೆ ಮಾತ್ರ ಹೆಚ್ಚುತ್ತಲೇ ಹೋಯಿತು.

ಕೊನೆಗೆ ದನದ ದವಾಖಾನೆಗೆ ಎಳೆದೊಯ್ದೆ. ಡಾಕ್ಟರು ಕಿವಿ ಮಡಚಿ ನೋಡಿದರು.

“ಹುರುಕು ಅಲ್ರಿ ಇದು. ಮೊದಲ ಅಲರ್ಜಿ, ಅದರ ಮ್ಯಾಲೆ ಯೀಸ್ಟ್ ಅನ್ನೋ ಬೂಸ್ಟು ಬೆಳದೈತಿ. ಜಿಡ್ಡು ಸಿಕ್ಕಷ್ಟೂ ಅದು ಹೆಚ್ಚಾಕ್ಕೈತಿ. ಎಣ್ಣಿ ಬಂದ್ ಮಾಡ್ರಿ.”

ಗುಳಿಗೆ ಕೊಟ್ಟು, ಮೈ ತೊಳೆಯುವ ಔಷಧ ಬರೆದುಕೊಟ್ಟರು. ತೊಳೆದ ಮೇಲೆ ಪೂರ್ತಿ ಒಣಗಿಸಬೇಕೆಂದರು.

ಮೂರು ದಿನ ಹೇಳಿದಂತೆ ನಡೆದುಕೊಂಡೆ. ನಾಯಿ ಔಷಧದ ಬಾಟಲಿ ಕಂಡರೆ ಓಡುತ್ತಿತ್ತು, ಸಂಜೆ ಹತ್ತಿರ ಸುಳಿಯಲೇ ಇಲ್ಲ. ನಾಲ್ಕನೆಯ ದಿನ ಎಣ್ಣೆಯ ಬಟ್ಟಲು ಹಿಡಿದು ಹೊಸ್ತಿಲ ಮೇಲೆ ಕೂತೆ. ಬಂದು ತಲೆಯಿಟ್ಟಿತು. ಗೊತ್ತಿದ್ದೂ ಹಚ್ಚಿದೆ. ಮರುದಿನವೂ ಹಚ್ಚಿದೆ, ಆಮೇಲೆ ದಿನವೂ. ಇಂದಿಗೂ ನೆನೆದರೆ ನಾಚಿಕೆಯಾಗುತ್ತದೆ.

ಹದಿನೈದು ದಿನ ಬಿಟ್ಟು ಮತ್ತೆ ದವಾಖಾನೆಗೆ ಕರೆದೊಯ್ದಾಗ ಡಾಕ್ಟರು ಅದರ ಬೆನ್ನ ಮೇಲೆ ಕೈಯಾಡಿಸಿ, ಬೆರಳುಗಳನ್ನು ಉಜ್ಜಿ ನೋಡಿಕೊಂಡರು.

“ಮತ್ತ ಎಣ್ಣಿ ಹಚ್ಚೀರೇನ್ರಿ?”

“ಇಲ್ರೀ.”

ಅವರು ಬೈಯಲಿಲ್ಲ. ಕಿವಿಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಕೆರೆದು ಕೆರೆದು ರಕ್ತ ಬಂದಿತ್ತು. ಅಷ್ಟು ನೋವಿನಲ್ಲೂ ಅದು ನನ್ನ ಕೈ ನೆಕ್ಕುತ್ತಿತ್ತು.

ಅಂದೇ ಬಟ್ಟಲು ತೊಳೆದು ಬೋರಲಿಟ್ಟೆ. ಓಡಿದರೂ ಹಿಡಿದು ತಂದು ತೊಳೆದೆ, ಬಿಸಿಲಲ್ಲಿ ಒಣಗಿಸಿದೆ. ಎರಡು ತಿಂಗಳಲ್ಲಿ ಕೂದಲು ಹುಟ್ಟಿತು, ವಾಸನೆ ಹೋಯಿತು. ಎದುರು ಮನೆಯವರು ಅದನ್ನು ಹೊಲದ ಕಾವಲಿಗೆ ಕರೆದೊಯ್ಯತೊಡಗಿದರು. ಸಂಜೆ ಅವರ ಬಂಡಿಯ ಹಿಂದೆ ಬರುವಾಗ ನನ್ನ ಬಾಗಿಲ ಮುಂದೆ ಬಾಲ ಅಲ್ಲಾಡಿಸುತ್ತಿತ್ತು. ನಿಲ್ಲುತ್ತಿರಲಿಲ್ಲ.