ಬಾವಿಯ ತಳದಲ್ಲಿ ಇನ್ನೊಂದು ಗಳಿಗೆ

ಚಳಿಗಾಲದಲ್ಲಿ ಬಾವಿ ನೀರು ಬೆಚ್ಚಗಿರುತ್ತದೆ ಎನ್ನುವವರು ಮೆಟ್ಟಿಲ ಮೇಲೆ ಕೂತು ಕಾಲು ಅದ್ದಿದವರು. ಎರಡಾಳುದ್ದ ಕೆಳಗಿಳಿದು ನೋಡಲಿ, ಹಣೆಯ ನರ ಹಿಡಿದುಕೊಳ್ಳುತ್ತದೆ. ನನಗೆ ಆ ಥಂಡಿಯೇ ಬೇಕಾಗಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಹೊಲದ ಬಾವಿಯಲ್ಲಿ ಪೈಪಿನ ಬಾಯಿಯ ತಂತಿ ಜಾಳಿಯಲ್ಲಿ ಎಲೆ, ಪಾಚಿ ತುಂಬಿದರೆ ಮೋಟಾರು ಬರೀ ಸದ್ದು ಮಾಡುತ್ತಿತ್ತು, ನೀರು ಎತ್ತುತ್ತಿರಲಿಲ್ಲ. ಯಾರಾದರೂ ಮುಳುಗಿ ಕೈಯಿಂದ ಕಿತ್ತು ತೆಗೆಯಬೇಕು. ಅಪ್ಪನ ಕಿವಿ ಸೋರತೊಡಗಿ, ಹುಮನಾಬಾದಿನ ಡಾಕ್ಟರು ನೀರಿಗಿಳಿಯಬೇಡ ಎಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಹತ್ತನೆಯ ಇಯತ್ತೆಯ ಹುಡುಗಿ ಬಾವಿಗೆ ಹಾರುವುದೆಂದರೆ ಓಣಿಯವರಿಗೆ ಬಾಯಿತುಂಬ ಮಾತು. ಆಡಿಕೊಳ್ಳಲಿ, ನನಗೇನು!

ಅಪ್ಪ ಮೇಲೆ ಸ್ಟಾರ್ಟರ್ ಡಬ್ಬಿಯ ಹತ್ತಿರ, ಯಾರೂ ಮೋಟಾರು ಹಚ್ಚದಂತೆ ಕಾಯುತ್ತಿದ್ದ. ಅವ್ವನಿಗೆ ಈಜು ಬಾರದು. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿ ಹಿಡಿದು ಮೆಟ್ಟಿಲ ಮೇಲೆ ಕೂಡುತ್ತಿದ್ದಳು.

ನನಗೆ ಜಾಳಿ ಬರೀ ನೆಪ. ಬಸವಕಲ್ಯಾಣದ ಬಜಾರಿನಿಂದ ಹಟ ಮಾಡಿ ತಂದ ಈಜುವ ಕನ್ನಡಕ ಹಾಕಿಕೊಂಡರೆ ಕೆಳಗೆ ಬೇರೆಯೇ ಊರು. ಬೇಸಿಗೆಯಲ್ಲಿ ರಾಡಿಯಾಗುವ ನೀರು ಥಂಡಿ ದಿನಗಳಲ್ಲಿ ತಿಳಿಯಾಗಿರುತ್ತಿತ್ತು. ಕಲ್ಲಿನ ಸಂದಿಯಲ್ಲಿ ಮೀಸೆ ಆಡಿಸುವ ಮೀನು, ಅಡ್ಡಡ್ಡ ಓಡುವ ಏಡಿ, ಜೊತೆಗೊಂದು ಮುದಿ ಆಮೆ. ನೀರು ಶುದ್ಧವಿರಲಿ ಎಂದು ಅಜ್ಜ ಬಿಟ್ಟದ್ದಂತೆ. ನನ್ನನ್ನು ಕಂಡರೆ ಕುತ್ತಿಗೆ ಒಳಗೆಳೆದುಕೊಳ್ಳುತ್ತಿತ್ತು. ಅದು ಮತ್ತೆ ಹೊರಗೆ ಚಾಚುವುದನ್ನು ನೋಡಬೇಕೆಂದು ನನಗೆ ಹುಚ್ಚು. ಅಷ್ಟರಲ್ಲಿ ಪ್ರತಿ ಸಲವೂ ಹಗ್ಗ ಜಗ್ಗುತ್ತಿತ್ತು.

“ಯಾಕ ಎಳದಿ ಎವ್ವಾ? ನನಗ ಇನ್ನೂ ದಮ್ಮಿತ್ತು!”

“ಸಾಕ್ ಬಾ, ಹುಚ್ಚ ಮೂಳಿ.”

ಪ್ರತಿ ಸಲ ಇದೇ ಜಗಳ. ಒಂದು ಮುಂಜಾನೆ ನನ್ನ ತಲೆ ಕೆಟ್ಟಿತು. ಕೆಳಗೆ ಹೋದವಳೇ ಹಗ್ಗ ಬಿಚ್ಚಿಬಿಟ್ಟೆ. ಆಮೆಯ ಎದುರು ಕಲ್ಲು ಹಿಡಿದುಕೊಂಡು ಕಾದೆ. ಹಗ್ಗ ಮೇಲೆ ಸರಿದು ಹೋಯಿತು. ಹೋಗಲಿ ಎಂದುಕೊಂಡೆ. ಆಮೆ ನಿಧಾನಕ್ಕೆ ಕುತ್ತಿಗೆ ಚಾಚಿ ನನ್ನ ಕಡೆ ನೋಡಿತು. ಅಬ್ಬಾ, ಏನು ಖುಷಿ! ಎದೆ ಉರಿಯುವ ತನಕ ನೋಡಿ ಮೇಲೆ ಬಂದೆ.

ಅವ್ವ ಸೊಂಟದ ತನಕ ನೀರಿನಲ್ಲಿ, ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಖಾಲಿ ಹಗ್ಗ ಎದೆಗೆ ಒತ್ತಿಕೊಂಡಿದ್ದಳು. ಮುಖ ಕಪ್ಪಿಟ್ಟಿತ್ತು. ನನ್ನ ತಲೆ ಕಂಡಿದ್ದೇ ತಡ, ಬಾಯಿ ತೆರೆದು ಜೋರಾಗಿ ಉಸಿರೆಳೆದು ಕೆಮ್ಮಿದಳು. ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಲಿಲ್ಲ.

“ನೀ ಮುಳುಗಿದಾಗ ನಾನೂ ದಮ್ ಹಿಡೀತೇನವ್ವ,” ಎಂದಳು. “ನಂದು ಮುಗದ್ರ ನಿಂದೂ ಮುಗದಿರತದಂತ ಎಳೀತಿದ್ದೆ. ನನಗ ಮತ್ತೇನು ತಿಳೀತದ? ಇವತ್ತು ಹಗ್ಗ ಖಾಲಿ ಬಂತು. ಉಸಿರು ಹ್ಯಾಂಗ ತಗೋಲಿ?”

ನನಗೆ ಅಳು ತಡೆಯಲಾಗಲಿಲ್ಲ. ಜಾಳಿಯ ಕಸ ಇನ್ನೂ ಹಾಗೇ ಇತ್ತು. ಹಗ್ಗ ಮತ್ತೆ ಕಟ್ಟಿಸಿಕೊಂಡೆ.

“ನೀ ಉಸಿರಾಡಕೋತ ಕೂಡು ಎವ್ವಾ. ನಾ ಲಗೂ ಬರತೇನಿ.”

ಹೂಂ ಎಂದು ತಲೆಯಾಡಿಸಿದಳು. ಮುಳುಗುವಾಗ ತಿರುಗಿ ನೋಡಿದೆ. ಆಗಲೇ ಗಲ್ಲ ಉಬ್ಬಿಸಿಕೊಂಡು ಕೂತಿದ್ದಳು.