ಅತ್ತೆ ಒಡ್ಡಿದ ಸೆರಗು

ನರಗುಂದದಲ್ಲಿ ನಮ್ಮ ಅತ್ತೆಯದೊಂದು ಸಣ್ಣ ಅಂಗಡಿ. ಅತ್ತೆ ಅಂದರೆ ಅಪ್ಪನ ಅಕ್ಕ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ಅಲ್ಲಿಯ ಕೆಲಸ. ಮಾವ ಇದ್ದಾಗ ಅವರು ಮುಂದೆ ಕುರ್ಚಿಯಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುತ್ತಿದ್ದರು. ತಂತಿ ಸುತ್ತುತ್ತಿದ್ದವಳು ಪರದೆಯ ಹಿಂದೆ ಅತ್ತೆ. ಊರಿಗೆಲ್ಲ ಗೊತ್ತಿದ್ದದ್ದು ಮಾವನ ಕೈಗುಣ. ಅವರು ತೀರಿಕೊಂಡ ಮೇಲೆ ಅತ್ತೆ ಆ ಪರದೆಯನ್ನು ಕಿತ್ತು, ಸುರುಳಿಗೆ ಬಳಿಯುವ ವಾರ್ನಿಷ್ ಒರೆಸಲು ಹರಿದಿಟ್ಟುಕೊಂಡು, ಬಾಗಿಲಿಗೇ ಬಂದು ಕೂತಳು.

“ಮಾಲಕರಿಲ್ಲೇನಬೇ ಯಕ್ಕಾ?” ಎಂದು ಅಸೂಟಿ ಹಳ್ಳಿಯ ರೈತನೊಬ್ಬ ಕೇಳಿದ.

“ಮಾಲಕರು ಫೋಟೋದಾಗ ಅದಾರ. ಕೆಲಸ ಮಾಡಾಕಿ ಇಲ್ಲಿ ಕುಂತೀನಿ. ಇಳಸೋ ತಮ್ಮಾ ಮೋಟಾರ.”

ನಾನು ಪಿಯುಸಿ ಆರ್ಟ್ಸ್ ಓದಿದವಳು. ಕರೆಂಟಿನ ಬಗ್ಗೆ ಕಲಿತದ್ದೆಲ್ಲ ಮೊಬೈಲಿನಲ್ಲಿ ವಿಡಿಯೋ ನೋಡಿ, ಮತ್ತೆ ಅತ್ತೆಯ ಪಕ್ಕ ಕೂತು. ಅವಳು ಮೋಟಾರು ಬಿಚ್ಚಿ ಒಂದು ಸಲ ನೋಡಿದರೆ ಸಾಕು. ಎರಡು ಫೇಸಿನ ಸುರುಳಿಗಳು ಕರಕಲಾಗಿ ಮೂರನೆಯದು ಮಾತ್ರ ಹೊಸದರಂತೆ ಹೊಳೆಯುತ್ತಿದ್ದರೆ, “ಒಂದ ಫೇಸ್ ಹೋಗಿತ್ತು, ನೋಡದ ಹಂಗ ಓಡ್ಸೀರಿ” ಎಂದು ರೈತನಿಗೇ ಬೈಯುತ್ತಿದ್ದಳು. ಹಾಗೆ ಯಾಕೆ ಆಗುತ್ತದೆ ಎಂದು ವಿಡಿಯೋಗಳಲ್ಲಿ ಎಷ್ಟು ಹುಡುಕಿದರೂ ನನಗೆ ತಿಳಿದಿರಲಿಲ್ಲ. ಇಂಥವಳನ್ನು ಒಂದು ಸಲವಾದರೂ ನಾಲ್ಕು ಜನರ ಮುಂದೆ ನಿಲ್ಲಿಸಬೇಕು ಎಂಬ ಹುಚ್ಚು ಹಿಡಿಯಿತು.

ಹೈಸ್ಕೂಲಿನ ವಿಜ್ಞಾನ ದಿನಕ್ಕೆ ಊರಿನ ಹೆಣ್ಣುಮಕ್ಕಳನ್ನು ಸನ್ಮಾನಿಸುವವರಿದ್ದರು. ಓಡಿಹೋಗಿ ಅಲ್ಲಿಯ ದೊಡ್ಡ ಅಕ್ಕೋರಿಗೆ, ಅಂದರೆ ಮುಖ್ಯೋಪಾಧ್ಯಾಯಿನಿಗೆ, ಹೇಳಿದೆ. “ಚಲೋ ಆತು. ಅವರ ಬಗ್ಗೆ ಎಲ್ಲಾ ಬರಕೊಂಡ ಬಾ” ಎಂದರು. ಬರೆದೆ. ಎಷ್ಟು ಎಚ್‌ಪಿ ಮೋಟಾರಿಗೆ ಎಷ್ಟು ಸುತ್ತು, ಎಂಥ ತಂತಿ, ಎಲ್ಲಾ. ಮಾವನ ಸುದ್ದಿಯನ್ನು ಮಾತ್ರ ಎತ್ತಲಿಲ್ಲ. ಇದ್ದಷ್ಟು ದಿನ ಹೆಸರೆಲ್ಲ ಅವರಿಗೇ ಹೋಗಿತ್ತು, ಈ ಒಂದು ಕಾಗದವಾದರೂ ಅತ್ತೆಯದಾಗಲಿ ಎಂದುಕೊಂಡೆ. ಹಾಗಾಗಿ ಅವಳು ಗಂಡನಿಲ್ಲದವಳು ಎಂಬುದು ಅಕ್ಕೋರಿಗೆ ಗೊತ್ತೇ ಆಗಲಿಲ್ಲ.

ವೇದಿಕೆಯ ಮೇಲೆ ಮೂವರಿದ್ದರು. ಒಬ್ಬರು ಡಾಕ್ಟರು, ಒಬ್ಬರು ಇಂಜಿನಿಯರು, ಕೊನೆಗೆ ಅತ್ತೆ. ನಾನು ಮೈಕು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಮೂವರಿಗೂ ಶಾಲು ಹೊದಿಸಿದರು. ಆಮೇಲೆ ನಮ್ಮ ಕಡೆಯ ಪದ್ಧತಿಯಂತೆ ಉಡಿ ತುಂಬುವುದು. ಸೆರಗಿನೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬುಸದ ಬಟ್ಟೆ ಹಾಕುತ್ತಾರೆ. ಅದು ಮುತ್ತೈದೆಯರಿಗೆ ಮಾತ್ರ. ನನಗೆ ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ತಟ್ಟೆ ತಂದ ಹೆಂಗಸು ಇಬ್ಬರಿಗೆ ತುಂಬಿ ಅತ್ತೆಯ ಮುಂದೆ ಬಂದಳು. ಅತ್ತೆ, ಗದ್ದಲದಲ್ಲೋ ಖುಷಿಯಲ್ಲೋ, ಆಗಲೇ ಸೆರಗು ಒಡ್ಡಿಬಿಟ್ಟಿದ್ದಳು. ಅಕ್ಕಿ ತುಂಬಿದ ಬೊಗಸೆ ಅರ್ಧಕ್ಕೇ ನಿಂತಿತು. ಆ ಹೆಂಗಸು ಅತ್ತೆಯ ಬರಿ ಹಣೆ ನೋಡುತ್ತಿದ್ದಳು.

“ಇವರಿಗೆ ಹಣ್ಣ ಕೊಡ್ರಿ, ಸಾಕು,” ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಮೈಕು ನನ್ನ ಕೈಯಲ್ಲಿತ್ತು. ಪಿಸುಮಾತು ಮೈದಾನಕ್ಕೆಲ್ಲ ಕೇಳಿತು.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನಾನು ಅಳುತ್ತಿದ್ದೆ.

“ನಿಂದೇನ ತಪ್ಪೈತಿ ಹುಚ್ಚಿ,” ಅಂದಳು ಅತ್ತೆ. “ಸೆರಗ ಒಡ್ಡಿದಾಕಿ ನಾ.” ಕೊಟ್ಟಿದ್ದ ಬಾಳೆಹಣ್ಣನ್ನು ಸುಲಿದು ನನಗೇ ತಿನ್ನಿಸಿದಳು.

ಮರುದಿನ ಅಂಗಡಿಗೆ ಹೋದರೆ ಹಳೆಯ ಸೀರೆಯೊಂದು ಪರದೆಯಾಗಿ ತೂಗುತ್ತಿತ್ತು. “ನೀ ಮುಂದ ಕುಂದರು. ಮಂದಿ ಜೋಡಿ ಮಾತಾಡಾಕ ನಿನಗ ಬರ್ತೈತಿ” ಎಂದು ಅತ್ತೆ ಒಳಗೆ ಹೋದಳು. ಪರದೆ ತೆಗೆ ಎಂದು ಎಷ್ಟೋ ಸಲ ಬೇಡಿಕೊಂಡೆ. ತೆಗೆಯಲಿಲ್ಲ.

ಮೊನ್ನೆ ಅದೇ ಅಸೂಟಿಯ ರೈತ, ರಿಪೇರಿಗೆ ಕೊಟ್ಟಿದ್ದ ಇನ್ನೊಂದು ಮೋಟಾರು ಒಯ್ಯಲು ಬಂದ. ಚಾಲೂ ಮಾಡಿ ಸದ್ದು ಕೇಳಿಸಿಕೊಂಡು, “ಭಾಳ ಚಲೋ ಆಗೈತಿ. ಯಕ್ಕಾರ ಸುತ್ತಿದ್ದೇನು?” ಅಂದ.

ಪರದೆಯ ಹಿಂದೆ ತಂತಿ ಸುತ್ತುವ ಯಂತ್ರದ ಹಿಡಿಕೆಯ ಸದ್ದು ನಿಂತಿತು. “ಅಕೀನ ಸುತ್ಯಾಳಪಾ. ನಾ ಬಿಟ್ಟೇನಿ” ಎಂದಳು ಅತ್ತೆ ಒಳಗಿನಿಂದ.

“ಭಾಳ ಶ್ಯಾಣ್ಯಾಕಿ ಅದಿ ನೋಡ ತಂಗಿ” ಎಂದ ರೈತ, ನನ್ನ ಕಡೆ ತಿರುಗಿ.

ಮಾವ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು, ಮಾವನಂತೆಯೇ ನಾನೂ ಆ ಹೆಸರನ್ನು ಇಟ್ಟುಕೊಂಡು ದುಡ್ಡು ಎಣಿಸಿಕೊಂಡೆ.